ಬೇವಿನ ಎಣ್ಣೆಗೆ ಸಾಕ್ಷಿ ಹೇಳಿದವರು ಯಾರು?

ಇವತ್ತಿನ ಎಪಿಸೋಡ್ ಜರ್ಮನಿಯಲ್ಲಿ ಶುರುವಾಗಿ ನವಲಗುಂದದ ಎರೆ ಹೊಲಕ್ಕೆ ಬರ್ತದ. ನಡುವೆ ಒಂದು ಗಾಜಿನ ತಟ್ಟೆ ಸಿಗ್ತದ, ಅದರ ಹತ್ತಿರ ಸ್ವಲ್ಪ ಜಾಸ್ತಿ ಹೊತ್ತು ನಿಲ್ತೀವಿ. ಇಯರ್‌ಫೋನ್ ಹಾಕ್ಕೊಂಡು ಆರಾಮ ಕೂತು ಕೇಳ್ರಿ.

2000ನೇ ಇಸವಿ, ಮೇ 10. ಮ್ಯೂನಿಕ್‌ನ ಯುರೋಪಿಯನ್ ಪೇಟೆಂಟ್ ಕಚೇರಿಯಲ್ಲಿ ಎರಡು ದಿನದ ವಿಚಾರಣೆ ಮುಗಿದು ತೀರ್ಪು ಹೊರಬಿತ್ತು. ವಿಷಯ ಬೇವಿನ ಎಣ್ಣೆ. ಬೇವಿನ ಬೀಜದಿಂದ ದ್ರಾವಕ ಬಳಸಿ ಎಣ್ಣೆ ತೆಗೆದು, ಅದನ್ನು ಬೆಳೆಗೆ ಸಿಂಪಡಿಸಿ ಶಿಲೀಂಧ್ರ ರೋಗ ತಡೆಯುವ ವಿಧಾನ ತಮ್ಮದು ಎಂದು ಅಮೆರಿಕದ ಕೃಷಿ ಇಲಾಖೆ ಮತ್ತು ಡಬ್ಲ್ಯು.ಆರ್. ಗ್ರೇಸ್ ಎಂಬ ಕಂಪನಿ 1994ರಲ್ಲಿ ಪೇಟೆಂಟ್ ಪಡೆದಿದ್ದವು. ಅದರ ವಿರುದ್ಧ 1995ರಲ್ಲಿ ತಕರಾರು ಹಾಕಿದವರು ಮೂವರು: ನಮ್ಮ ವಂದನಾ ಶಿವ, ಯುರೋಪಿನ ಹಸಿರು ಪಕ್ಷದ ಮಗ್ದಾ ಆಲ್‌ವೋಟ್, ಮತ್ತು ಸಾವಯವ ಕೃಷಿಕರ ಅಂತರರಾಷ್ಟ್ರೀಯ ಒಕ್ಕೂಟ. ಐದು ವರ್ಷ ಜಗ್ಗಾಟ ಆಯ್ತು. ಆ ದಿನ ಪೇಟೆಂಟ್ ರದ್ದಾಯ್ತು. ಮೇಲ್ಮನವಿ ಹೋಯ್ತು, ಅದೂ 2005ರ ಮಾರ್ಚ್‌ನಲ್ಲಿ ವಜಾ ಆಯ್ತು.

ಈ ಕಥೆಯನ್ನು ನೀವು ಈಗಾಗಲೇ ವಾಟ್ಸಾಪಿನಲ್ಲಿ ಓದಿರ್ತೀರಿ. "ನಮ್ಮ ಅಜ್ಜಿಯರ ಜ್ಞಾನ ಗೆದ್ದಿತು" ಅಂತ ಅದರ ಕೆಳಗೆ ಬರೆದಿರ್ತಾರ. ನನಗೂ ಹಂಗ ಹೇಳಬೇಕು ಅಂತ ಆಸೆ. ಆದರೆ ಆ ವಿಚಾರಣೆಯಲ್ಲಿ ತೂಕ ಬಂದದ್ದು ಅಜ್ಜಿಯ ಮಾತಿಗೆ ಅಲ್ಲ. ಪುಣೆಯ ಉದ್ಯಮಿ ಅಭಯ ಫಡಕೆ ಎಂಬವರು ಸಾಕ್ಷಿ ಕಟಕಟೆಗೆ ಬಂದು, 1985 ಮತ್ತು 1986ರ ಬೇಸಿಗೆಯಲ್ಲಿ ಪುಣೆ ಮತ್ತು ಸಾಂಗ್ಲಿ ಜಿಲ್ಲೆಗಳಲ್ಲಿ, ರೈತರ ಕಣ್ಣೆದುರೇ, ಬೇವಿನ ಬೀಜದ ಸಾರವನ್ನು ಹೊಲದಲ್ಲಿ ಪ್ರಯೋಗ ಮಾಡಿದ್ದನ್ನು ಹೇಳಿದರು. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಸಸ್ಯರೋಗ ತಜ್ಞ ಪ್ರೊ. ಉದಯ ಪ್ರತಾಪ್ ಸಿಂಗ್ ಕೂಡ ಬಂದಿದ್ದರು. ಯಾವ ವರ್ಷ, ಯಾವ ಊರು, ಯಾವ ದ್ರಾವಕ, ಯಾರ ಮುಂದೆ. ಕಾನೂನು ಕೇಳಿದ್ದು ಇದನ್ನು. ಸಾಂಗ್ಲಿ ನಮಗೇನು ದೂರ ಅಲ್ಲ, ಜತ್ತ ತಾಲೂಕಿನಲ್ಲಿ ಇವತ್ತಿಗೂ ಕನ್ನಡ ಮಾತಾಡ್ತಾರ. ಪ್ರಯೋಗ ಅಲ್ಲಿ ನಡೆದು ಲೆಕ್ಕಕ್ಕೆ ಬಂತು. ನಮ್ಮ ಹಗೇವಿನೊಳಗೆ ಜೋಳದ ಜೊತೆ ತುಂಬಿದ ಬೇವಿನ ತಪ್ಪಲು ಯಾವ ಲೆಕ್ಕಕ್ಕೂ ಬರಲಿಲ್ಲ.

ಹಂಗಾದ್ರ ಪ್ರಶ್ನೆ ಇದು: ಒಂದು ಎಲೆಯ ಗುಣ "ಸಾಬೀತಾಯ್ತು" ಅಂತ ಯಾವಾಗ ಅಂತೀವಿ? ಮತ್ತ ಆ ಸಾಬೀತು ಯಾರ ಕೈಯಾಗ ಇರ್ತದ?

ನಮ್ಮ ನಾಲ್ಕು ತಾಲೂಕು ನಕಾಶೆಯಲ್ಲಿ ಹತ್ತಿರ ಹತ್ತಿರ, ಗಿಡಗಳ ಲೆಕ್ಕದಲ್ಲಿ ಬೇರೆ ಬೇರೆ ದೇಶ ಇದ್ದಂಗ. ನವಲಗುಂದ, ಅಣ್ಣಿಗೇರಿ ಕಡೆ ಕಣ್ಣು ಹಾಯುವಷ್ಟು ಎರೆ ಭೂಮಿ, ಬದುವಿನ ಮೇಲೆ ಬೇವು, ಜಾಲಿ, ಎಕ್ಕೆ, ತಂಗಡಿ. ಕುಂದಗೋಳದ ಕಡೆ ಹತ್ತಿ, ಬ್ಯಾಡಗಿ ಮೆಣಸಿನಕಾಯಿ. ಕಲಘಟಗಿ ದಾಟಿ ಪಡುವಣಕ್ಕೆ ಹೋದರೆ ಮಲೆನಾಡಿನ ಸೆರಗು ಶುರು; ಮತ್ತಿ, ಅಳಲೆ, ತಾರೆ, ನೆಲ್ಲಿ. ಬಾಣಂತಿಗೆ ಲಕ್ಕಿ ತಪ್ಪಲಿನ ನೀರು, ಮೈಮೇಲೆ ಅಮ್ಮ ಎದ್ದರೆ ಬೇವಿನ ಹಾಸಿಗೆ, ಗಾಯಕ್ಕೆ ಅರಿಶಿಣ. ಇದು ಯಾರ ಮನೆಯಲ್ಲೂ ಹೊಸ ಸುದ್ದಿ ಅಲ್ಲ.

ಇಂಥ ಗಿಡಗಳ ದೊಡ್ಡ ಪಟ್ಟಿ ಬ್ರಿಟಿಷರ ಕಾಲದಲ್ಲೇ ಆಯ್ತು. ಧಾರವಾಡ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಡೈಮಾಕ್, ವಾರ್ಡನ್, ಹೂಪರ್ ಎಂಬ ಮೂವರು ಸೇರಿ 1890ರ ಆಸುಪಾಸಿನಲ್ಲಿ 'ಫಾರ್ಮಕೋಗ್ರಾಫಿಯಾ ಇಂಡಿಕಾ' ಎಂಬ ದೊಡ್ಡ ಗ್ರಂಥ ಹೊರತಂದರು. ಗಿಡದ ಹೆಸರು, ಜನ ಹೇಗೆ ಬಳಸ್ತಾರೆ, ಅದರೊಳಗೆ ಯಾವ ರಾಸಾಯನಿಕ ಇದೆ, ಎಲ್ಲ ಇದೆ. ಒಂದೇ ಇಲ್ಲ: ಇದು ರೋಗಾಣುವನ್ನು ಕೊಲ್ತದೋ ಇಲ್ಲೋ ಅನ್ನೋದು. ಯಾಕಂದ್ರ ರೋಗಾಣು ಅನ್ನೋ ವಿಚಾರವೇ ಆಗಿನ್ನೂ ಹಸಿ ಹಸಿ. ನಮ್ಮ ಜಿಲ್ಲೆಗೆ ಅದು ಬಂದದ್ದು ಪ್ಲೇಗಿನ ಜೊತೆ. ಪ್ಲೇಗಿನ ಬ್ಯಾಕ್ಟೀರಿಯಾವನ್ನು ಯೆರ್ಸಿನ್ ಗುರುತಿಸಿದ್ದು 1894ರಲ್ಲಿ, ಹಾಂಕಾಂಗ್‌ನಲ್ಲಿ. ನಾಲ್ಕೇ ವರ್ಷಕ್ಕೆ, 1898ರಲ್ಲಿ, ಹುಬ್ಬಳ್ಳಿಯಲ್ಲಿ ಹತ್ತಾರು ಸಾವಿರ ಜನ ಹಾಫ್‌ಕಿನ್ ಲಸಿಕೆಗೆ ತೋಳು ಒಡ್ಡಿದರು. ಕಣ್ಣಿಗೆ ಕಾಣದ ಒಂದು ಜೀವಿ ಊರನ್ನು ಖಾಲಿ ಮಾಡಿಸ್ತದ ಅನ್ನೋದು ನಮ್ಮವರಿಗೆ ಗೊತ್ತಾದದ್ದು ಸೂಜಿಯ ಮೂಲಕ.

ಈಗ ಗಾಜಿನ ತಟ್ಟೆಗೆ ಬರೋಣ. ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡಬೇಕಾದರೆ ಅದಕ್ಕೊಂದು ಹಾಸಿಗೆ ಬೇಕು. ರಾಬರ್ಟ್ ಕಾಕ್ ಜೆಲಾಟಿನ್ ಬಳಸುತ್ತಿದ್ದ. ತೊಂದರೆ ಏನು? ಸ್ವಲ್ಪ ಬಿಸಿಯಾದರೆ ಕರಗಿ ನೀರಾಗ್ತದ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಅದು ಒಂದು ತಾಸೂ ನಿಲ್ತಿರಲಿಲ್ಲ ಬಿಡ್ರಿ. ಕಾಕ್‌ನ ಜೊತೆಗಾರ ವಾಲ್ಟರ್ ಹೆಸ್ಸೆಯ ಹೆಂಡತಿ ಫ್ಯಾನಿ ಹೆಸ್ಸೆ ಮನೆಯಲ್ಲಿ ಹಣ್ಣಿನ ಜೆಲ್ಲಿ ಮಾಡಲು ಅಗರ್ ಹಾಕುತ್ತಿದ್ದಳು, ಅದು ಕಡಲಪಾಚಿಯಿಂದ ಬರುವ ಅಂಟು. ಜಾವಾದಲ್ಲಿ ಇದ್ದು ಬಂದ ನೆರೆಯವರಿಂದ ಕಲಿತ ಅಡುಗೆ ಅದು. "ಅದನ್ನೇ ಹಾಕಿ ನೋಡಿ" ಅಂದಳು. ಇವತ್ತಿಗೂ ಲೋಕದ ಎಲ್ಲ ಲ್ಯಾಬುಗಳಲ್ಲಿ ಬ್ಯಾಕ್ಟೀರಿಯಾ ಬೆಳೆಯೋದು ಆ ಅಗರ್ ಮೇಲೆ. ಅದನ್ನು ಸುರಿಯುವ ತಟ್ಟೆ 1887ರಲ್ಲಿ ಬಂತು, ಪೆಟ್ರಿ ಅನ್ನುವವನ ಹೆಸರಲ್ಲಿ. ತಟ್ಟೆಗೆ ಹೆಸರು ಉಳೀತು, ಅಡುಗೆಮನೆಗೆ ಉಳೀಲಿಲ್ಲ.

1928ರಲ್ಲಿ ಫ್ಲೆಮಿಂಗ್ ನೋಡಿದ್ದೂ ಇಂಥ ಒಂದು ತಟ್ಟೆಯನ್ನೇ. ಬೂಷ್ಟು ಬಿದ್ದ ಜಾಗದ ಸುತ್ತ ಬ್ಯಾಕ್ಟೀರಿಯಾ ಕರಗಿ ಖಾಲಿಯಾಗಿತ್ತು. ಪೆನಿಸಿಲಿನ್ ಔಷಧವಾದ ಮೇಲೆ ಎಲ್ಲರಿಗೂ ಒಂದೇ ಯೋಚನೆ: ಬೂಷ್ಟಿನೊಳಗೇ ಇಷ್ಟು ಇದ್ದರೆ ಹಸಿರು ಗಿಡದೊಳಗೆ ಎಷ್ಟಿರಬೇಕು? 1943ರಲ್ಲಿ, ಯುದ್ಧದ ನಡುವೆ, ಬ್ರಿಟನ್ನಿನಲ್ಲಿ ಆಸ್‌ಬಾರ್ನ್ ಎಂಬ ವಿಜ್ಞಾನಿ 2300 ಜಾತಿಯ ಗಿಡಗಳ ರಸವನ್ನು ಎರಡು ಬ್ಯಾಕ್ಟೀರಿಯಾಗಳ ಮೇಲೆ ಪರೀಕ್ಷಿಸಿದ ಫಲಿತಾಂಶ ಪ್ರಕಟಿಸಿದರು. ನಮ್ಮಲ್ಲಿ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ 1968ರಿಂದ ಭಾರತದ ಗಿಡಗಳ ಪರೀಕ್ಷೆಯ ವರದಿಗಳನ್ನು ಸರಣಿಯಾಗಿ ಹೊರತಂದಿತು. 1966ರಲ್ಲಿ ಬಾಯರ್, ಕರ್ಬಿ ಮತ್ತು ಸಂಗಡಿಗರು ಕಾಗದದ ಬಿಲ್ಲೆಯ ವಿಧಾನಕ್ಕೆ ಒಂದು ಅಳತೆ ಕಟ್ಟಿಕೊಟ್ಟಿದ್ದರು. ಅಗ್ಗ, ಸುಲಭ. ದೊಡ್ಡ ಯಂತ್ರ ಬೇಡ. ಆ ಕಾರಣಕ್ಕೇ ಅದು ಸಣ್ಣ ಊರಿನ ಕಾಲೇಜಿನ ತನಕ ಬಂತು.

ಮಾಡೋದು ಹಿಂಗ. ಎಲೆಯನ್ನು ನೆರಳಲ್ಲಿ ಒಣಗಿಸಿ ಪುಡಿ ಮಾಡ್ತಾರ. ಅದನ್ನು ನೀರು, ಎಥನಾಲ್, ಹೆಕ್ಸೇನ್, ಹೀಗೆ ಬೇರೆ ಬೇರೆ ದ್ರಾವಕದಲ್ಲಿ ನೆನೆಸಿ, ಸೋಸಿ, ದ್ರಾವಕ ಆರಿಸಿ, ತಳದಲ್ಲಿ ಉಳಿಯುವ ಅಂಟನ್ನು ತಗೋತಾರ. ಅಗರ್ ತಟ್ಟೆಯ ತುಂಬ ಬ್ಯಾಕ್ಟೀರಿಯಾ ಸವರಿ, ಸಾರ ಹೀರಿದ 6 ಮಿಲಿಮೀಟರ್ ಅಗಲದ ಕಾಗದದ ಬಿಲ್ಲೆ ಇಟ್ಟು, 35 ಡಿಗ್ರಿ ಬಿಸಿಯಲ್ಲಿ ಒಂದು ರಾತ್ರಿ ಬಿಡ್ತಾರ. ಬೆಳಿಗ್ಗೆ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಖಾಲಿ ವರ್ತುಲ ಕಂಡರೆ, ಸ್ಕೇಲ್ ಹಿಡಿದು ಅಳೀತಾರ. 14 ಮಿಲಿಮೀಟರ್, 18 ಮಿಲಿಮೀಟರ್. ಪಕ್ಕದಲ್ಲಿ ಅಂಗಡಿಯ ಆಂಟಿಬಯಾಟಿಕ್ ಬಿಲ್ಲೆಯೂ ಇರ್ತದ, ಹೋಲಿಕೆಗೆ. ಧಾರವಾಡದ ಕಡೆ ಸಸ್ಯಶಾಸ್ತ್ರವೋ ಸೂಕ್ಷ್ಮಜೀವಶಾಸ್ತ್ರವೋ ಓದಿದ ಗೆಳೆಯ ಗೆಳತಿ ಇದ್ದರೆ ಕೇಳಿ ನೋಡ್ರಿ, ಎಂ.ಎಸ್ಸಿ. ಪ್ರಾಜೆಕ್ಟಿಗೆ ಈ ವರ್ತುಲ ಅಳೆದವರು ಒಬ್ಬರಾದರೂ ಸಿಕ್ಕೇ ಸಿಗ್ತಾರ.

ನಾನು ಕಾಮರ್ಸ್ ಓದಿದವ. ನನಗೆ ಮೊದಲು ಕಲಿಸಿದ್ದು, ಲಾಭ ಎಷ್ಟು ಅಂತ ಕೇಳೋಕೆ ಮುಂಚೆ ಬಂಡವಾಳ ಎಷ್ಟು ಅಂತ ಕೇಳು ಅನ್ನೋದು. ಅದೇ ಕಣ್ಣಿಂದ ಈ ತಟ್ಟೆ ನೋಡ್ರಿ. ಸಿಪ್ರೊಫ್ಲಾಕ್ಸಸಿನ್ ಬಿಲ್ಲೆಯಲ್ಲಿ ಇರೋದು 5 ಮೈಕ್ರೊಗ್ರಾಂ ಔಷಧ. ಪಕ್ಕದ ಎಲೆಸಾರದ ಬಿಲ್ಲೆಯಲ್ಲಿ 5 ಮಿಲಿಗ್ರಾಂ ಸುರಿದಿದ್ದರೆ, ಅದು ಸಾವಿರ ಪಟ್ಟು ಜಾಸ್ತಿ. ಎರಡರ ವರ್ತುಲವೂ 18 ಮಿಲಿಮೀಟರ್ ಬಂತು, "ಬೇವು ಆಂಟಿಬಯಾಟಿಕ್‌ಗೆ ಸಮ" ಅಂತ ಹೆಡ್‌ಲೈನ್ ಆಯ್ತು. ಒಂದು ರೂಪಾಯಿ ಹಾಕಿ ಹತ್ತು ಗಳಿಸಿದವನೂ, ಸಾವಿರ ಹಾಕಿ ಹತ್ತು ಗಳಿಸಿದವನೂ ಸಮ ಅಂದಂಗ ಆಯ್ತಲ್ಲ! ಸ್ಪೇನಿನ ರಿಯೋಸ್ ಮತ್ತು ರೆಸಿಯೊ 2005ರಲ್ಲೇ ಇದಕ್ಕೊಂದು ಗೆರೆ ಎಳೆದರು: ಒಂದು ಮಿಲಿಲೀಟರಿಗೆ 100 ಮೈಕ್ರೊಗ್ರಾಂಗಿಂತ ಕಡಿಮೆ ಸಾರದಲ್ಲಿ ಕೆಲಸ ಮಾಡಿದರೆ ಮಾತ್ರ ಕುತೂಹಲದ ಸಂಗತಿ, 1 ಮಿಲಿಗ್ರಾಂ ದಾಟಿದರೆ ಅದನ್ನು ಗುಣ ಅಂತ ಬರೆಯಬೇಡಿ ಅಂತ. ಆ ಗೆರೆಯ ಆಚೆ ನಿಂತ ಪೇಪರುಗಳು ಈಗಲೂ ಬರ್ತಾನೇ ಇವೆ.

ಇನ್ನೊಂದು ಮೋಸ ಉಲ್ಟಾ ದಿಕ್ಕಿನದು. ವರ್ತುಲ ಬರಬೇಕಾದರೆ ಸಾರ ಬಿಲ್ಲೆಯಿಂದ ಹೊರಟು ಅಗರ್ ಒಳಗೆ ಹರಡಬೇಕು. ಅಗರ್ ಅಂದ್ರ ಬಹುಪಾಲು ನೀರೇ. ಎಣ್ಣೆ ನೀರಲ್ಲಿ ಹರಡ್ತದೇನು? ಇಲ್ಲ. ಹಾಗಾಗಿ ಬೇವಿನ ಎಣ್ಣೆಯಂಥದ್ದು ಬಿಲ್ಲೆಯ ಮೇಲೇ ಕೂತು ಸಣ್ಣ ವರ್ತುಲ ತೋರಿಸಬಹುದು, ಕೆಲಸ ಇದ್ದರೂ. ಸೋತಿದ್ದು ಎಲೆಯೋ, ತಟ್ಟೆಯೋ?

ದ್ರಾವಕದ್ದೂ ಇದೇ ಕಥೆ. ಚೀನಾದಲ್ಲಿ 1967ರ ಮೇ 23ರಂದು ಶುರುವಾದ ಗುಪ್ತ ಯೋಜನೆಯೊಂದರಲ್ಲಿ ಟು ಯೂಯೂ ಎಂಬ ವಿಜ್ಞಾನಿ ಮಲೇರಿಯಾಕ್ಕೆ ಗಿಡಮೂಲಿಕೆ ಹುಡುಕುತ್ತಿದ್ದರು. ಒಂದು ಗಿಡ ಒಮ್ಮೆ ಕೆಲಸ ಮಾಡ್ತದ, ಒಮ್ಮೆ ಮಾಡೋದಿಲ್ಲ. ನಾಲ್ಕನೇ ಶತಮಾನದ ಹಳೆಯ ವೈದ್ಯ ಗ್ರಂಥವೊಂದರಲ್ಲಿ, ಗಿಡವನ್ನು ನೀರಲ್ಲಿ ನೆನೆಸಿ ಹಿಂಡಿ ರಸ ಕುಡಿಯಲು ಹೇಳಿದೆ, ಕುದಿಸು ಅಂದಿಲ್ಲ. ಅವರಿಗೆ ಹೊಳೀತು, ಬಿಸಿ ಅದರ ಗುಣ ಕೆಡಿಸ್ತಿದೆ. ಕಡಿಮೆ ಶಾಖದಲ್ಲಿ ಕುದಿಯುವ ಈಥರ್‌ನಲ್ಲಿ ಸಾರ ತೆಗೆದರು. ಅದೇ ಆರ್ಟೆಮಿಸಿನಿನ್, 2015ರ ನೊಬೆಲ್. ಮಲೇರಿಯಾ ಬ್ಯಾಕ್ಟೀರಿಯಾ ಅಲ್ಲ, ಪರಾವಲಂಬಿ ಅನ್ನೋದು ಬೇರೆ ಮಾತು. ಆದರೆ ನಮ್ಮ ಮನೆಗಳಲ್ಲಿ ಎಲ್ಲದಕ್ಕೂ ಒಂದೇ ಕಷಾಯ, ಒಂದು ತಾಸು ಕುದಿಸಿ ಇಳಿಸೋದು, ಅದನ್ನು ಯೋಚಿಸಿದರೆ ಈ ಕಥೆ ಕೇಳಬೇಕಾದ್ದೇ.

ಮತ್ತೆ, ಗಿಡ ಒಂಟಿಯಾಗಿ ಹೊಡೆದಾಡೋದಿಲ್ಲ. ನಮ್ಮ ಘಟ್ಟದಲ್ಲಿ ಮರದರಿಶಿನ ಅಂತ ಬಳ್ಳಿ ಇದೆ, ಅದರ ಹಳದಿ ಬಣ್ಣಕ್ಕೆ ಕಾರಣ ಬರ್ಬೆರಿನ್. ಬರ್ಬೆರಿನ್ ಶುದ್ಧವಾಗಿ ತೆಗೆದು ಬ್ಯಾಕ್ಟೀರಿಯಾದ ಮೇಲೆ ಬಿಟ್ಟರೆ ಅಷ್ಟಕ್ಕಷ್ಟೇ. ಬ್ಯಾಕ್ಟೀರಿಯಾ ತನ್ನೊಳಗಿನ ಪಂಪ್ ಚಾಲೂ ಮಾಡಿ ಅದನ್ನು ಹೊರಗೆ ಉಗುಳ್ತದ. ಅಮೆರಿಕದ ಸಂಶೋಧಕರು 2000ದಲ್ಲಿ ತೋರಿಸಿದ್ದು ಏನಂದ್ರ, ಬರ್ಬೆರಿನ್ ಮಾಡುವ ಕೆಲವು ಬರ್ಬೆರಿಸ್ ಗಿಡಗಳು ಆ ಪಂಪಿಗೆ ಬೀಗ ಹಾಕುವ ಇನ್ನೊಂದು ವಸ್ತುವನ್ನೂ ಮಾಡ್ತಾವೆ. ಆ ಎರಡನೆಯದಕ್ಕೆ ಒಂಟಿಯಾಗಿ ಯಾವ ವರ್ತುಲವೂ ಬರೋದಿಲ್ಲ. ಗಿಡವನ್ನು ಬಿಡಿಬಿಡಿ ಮಾಡಿದಾಗ ಗುಣ ಯಾಕೆ ಕೈ ತಪ್ಪಿ ಹೋಗ್ತದ ಅನ್ನೋದಕ್ಕೆ ನನಗೆ ಸಿಕ್ಕ ಅತಿ ಚಂದದ ಉದಾಹರಣೆ ಇದು.

ಇಷ್ಟೆಲ್ಲ ಆದರೂ ಒಂದು ಸತ್ಯ ನುಂಗಬೇಕು. ಪೆನಿಸಿಲಿನ್ ಬಂದದ್ದು ಬೂಷ್ಟಿನಿಂದ, ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್ ಬಂದದ್ದು ಮಣ್ಣಿನ ಬ್ಯಾಕ್ಟೀರಿಯಾದಿಂದ. ಹಸಿರು ಗಿಡದಿಂದ ಅಂಥ ಒಂದು ಆಂಟಿಬಯಾಟಿಕ್ ನಮ್ಮ ಮೆಡಿಕಲ್ ಶಾಪಿನ ಕಪಾಟಿಗೆ ಬಂದಿಲ್ಲ. ಆದರೂ ಹುಡುಕಾಟ ಬಿಡುವ ಹಾಗಿಲ್ಲ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾದಿಂದಲೇ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಅನ್ನೋದು ಲ್ಯಾನ್ಸೆಟ್ ಪತ್ರಿಕೆಯ ಅಂದಾಜು.

ತಟ್ಟೆ ಹೇಳದ ಇನ್ನೊಂದು ಮಾತಿದೆ, ಅದು ಭಯದ್ದು. ಎಲೆಸಾರ ಬ್ಯಾಕ್ಟೀರಿಯಾ ಕೊಲ್ತದ ಅಂತ ತಟ್ಟೆ ಹೇಳ್ತದ, ನಮ್ಮನ್ನು ಕೊಲ್ತದೋ ಅಂತ ಹೇಳೋದಿಲ್ಲ. 1990ರ ದಶಕದ ಆರಂಭದಲ್ಲಿ ಬ್ರಸೆಲ್ಸ್‌ನಲ್ಲಿ ತೂಕ ಇಳಿಸಲು ಚೀನೀ ಗಿಡಮೂಲಿಕೆ ತಿಂದ ನೂರಕ್ಕೂ ಹೆಚ್ಚು ಹೆಂಗಸರ ಕಿಡ್ನಿ ಹಾಳಾದವು. ಎರಡು ಗಿಡಗಳ ಚೀನೀ ಹೆಸರು ಹೆಚ್ಚುಕಡಿಮೆ ಒಂದೇ ಥರ ಇದ್ದು, ಒಂದರ ಬದಲು ಇನ್ನೊಂದು ಪುಡಿಯಾಗಿತ್ತು. ಆ ಇನ್ನೊಂದು ಅರಿಸ್ಟೊಲೋಕಿಯಾ. ನಮ್ಮ ಹಳ್ಳಿಗಳಲ್ಲಿ ಹಾವು ಕಚ್ಚಿದರೆ ಅರೆದು ಕೊಡುವ ಈಶ್ವರಿ ಬಳ್ಳಿ ಅದೇ ಕುಲದ್ದು, ಅದರಲ್ಲೂ ಅದೇ ಆಮ್ಲ ಇದೆ, ಅದು ಕ್ಯಾನ್ಸರ್ ತರುವಂಥದ್ದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಪಟ್ಟಿಗೆ ಸೇರಿಸಿದೆ. ಹಾವು ಕಚ್ಚಿದರೆ ಸೀದಾ ಆಸ್ಪತ್ರೆಗೆ ಹೋಗ್ರಿ, ಇದರಾಗ ಎರಡನೇ ಮಾತಿಲ್ಲ.

ಶಿಲೀಂಧ್ರದ ಪರೀಕ್ಷೆ ಸ್ವಲ್ಪ ಬೇರೆ. ಕೃಷಿ ವಿಶ್ವವಿದ್ಯಾಲಯಗಳ ಸಸ್ಯರೋಗ ವಿಭಾಗಗಳಲ್ಲಿ ಇದಕ್ಕೆ ವಿಷಾಹಾರ ವಿಧಾನ ಅಂತಾರ. ಬಿಲ್ಲೆ ಇಲ್ಲ, ಎಲೆಸಾರವನ್ನು ಅಗರ್‌ನೊಳಗೇ ಕಲಸಿಬಿಡ್ತಾರ, ನಡುವೆ ಶಿಲೀಂಧ್ರದ ಒಂದು ಚೂರು ಇಡ್ತಾರ, ಅದು ದಿನಾ ಎಷ್ಟು ಹಬ್ಬಿತು ಅಂತ ಅಳೀತಾರ. ಮಳೆ ಹಿಡಿದ ವರ್ಷ ಕುಂದಗೋಳದ ಕಡೆ ಮೆಣಸಿನಕಾಯಿ ಬೆಳೆದವರಿಗೆ ಹಣ್ಣು ಕೊಳೆ ರೋಗದ ಕಪ್ಪು ಕಲೆ ಏನು ಅಂತ ನಾನು ಹೇಳಬೇಕಾಗಿಲ್ಲ. ಗೋಧಿಗೆ ಭಂಡಾರ ರೋಗ, ಹೆಸರಿಗೆ ಬೂದಿ ರೋಗ. ಎಲ್ಲವೂ ಶಿಲೀಂಧ್ರವೇ. ನಮ್ಮ ಊರುಗಳ ಮಟ್ಟಿಗೆ ಗಿಡದ ಸಾರದ ನಿಜವಾದ ಗಿರಾಕಿ ಮನುಷ್ಯನ ಮೈ ಅಲ್ಲ, ಹೊಲ ಅನ್ನೋದು ನನ್ನ ಅಭಿಪ್ರಾಯ.

ಮ್ಯೂನಿಕ್‌ನ ಜಗಳ ಹುಟ್ಟಿದ್ದೂ ಹೊಲದಲ್ಲೇ. ಅದಕ್ಕೆ ಕರ್ನಾಟಕದ ನಂಟು ಗಟ್ಟಿಯಾಗಿದೆ. ಗ್ರೇಸ್ ಕಂಪನಿ 1990ರ ದಶಕದ ಮೊದಲಲ್ಲಿ ಪಿ.ಜೆ. ಮಾರ್ಗೊ ಎಂಬ ನಮ್ಮವರ ಕಂಪನಿಯ ಜೊತೆ ಸೇರಿ ತುಮಕೂರಿನಲ್ಲಿ ದಿನಕ್ಕೆ 20 ಟನ್ ಬೇವಿನ ಬೀಜ ಅರೆಯುವ ಘಟಕ ಹಾಕಿತು. ಅದು ಮುಖ್ಯವಾಗಿ ಕೀಟನಾಶಕಕ್ಕೆ, ಮ್ಯೂನಿಕ್‌ನದು ಶಿಲೀಂಧ್ರನಾಶಕದ ಪೇಟೆಂಟ್, ಎರಡನ್ನೂ ಬೆರೆಸಿ ಹೇಳೋರು ಬಹಳ ಇದ್ದಾರ. ಬೀಜದ ಬೆಲೆ ಏರಿ ಬಡವರ ಕೈಗೆ ಸಿಗದಂತಾಯ್ತು ಅನ್ನೋದು ಹೋರಾಟಗಾರರ ದೂರಾಗಿತ್ತು. 1980ರ ಜುಲೈ 21ರಂದು ನವಲಗುಂದ, ನರಗುಂದದಲ್ಲಿ ಮಲಪ್ರಭಾ ನೀರಿನ ಕರದ ವಿರುದ್ಧ ಎದ್ದ ರೈತರ ಮೇಲೆ ಗುಂಡು ಹಾರಿತ್ತಲ್ಲ, ಅದರ ಬಿಸಿಯಲ್ಲೇ ರಾಜ್ಯ ರೈತ ಸಂಘ ಹುಟ್ಟಿದ್ದು. ಎಂ.ಡಿ. ನಂಜುಂಡಸ್ವಾಮಿಯವರ ಅದೇ ಸಂಘ ಮುಂದೆ ಬೀಜ, ಬೇವು, ಪೇಟೆಂಟ್ ಅಂತ ಬೀದಿಗೆ ಇಳಿಯಿತು, 1992ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಕಾರ್ಗಿಲ್ ಕಚೇರಿಗೆ ನುಗ್ಗಿತು. ನೀರಿನ ಕರದಿಂದ ಶುರುವಾದ ಸಿಟ್ಟು ಹನ್ನೆರಡು ವರ್ಷದಲ್ಲಿ ಬೀಜದ ಒಡೆತನದ ತನಕ ಬಂದಿತ್ತು.

ಪೇಟೆಂಟ್‌ದಾರರ ವಾದ ಪೂರಾ ಹುಚ್ಚು ಅಂತ ನಾನು ಹೇಳೋದಿಲ್ಲ. ರೈತರು ನೀರಲ್ಲಿ ನೆನೆಸಿದ ಬೀಜದ ಕಷಾಯ ಹೊಡೀತಾರೆ, ಅದೂ ಹೆಚ್ಚಾಗಿ ಹುಳಕ್ಕೆ. ನಾವು ದ್ರಾವಕದಲ್ಲಿ ತೆಗೆದ ಎಣ್ಣೆ, ಶಿಲೀಂಧ್ರಕ್ಕೆ ಅಂತ ಅವರ ಮಾತು. ನೀರು ಬೇರೆ, ದ್ರಾವಕ ಬೇರೆ ಅನ್ನೋದನ್ನ ಈಗಷ್ಟೇ ನೋಡಿದ್ವಿ. ಅದಕ್ಕೇ "ಸಾವಿರ ವರ್ಷದಿಂದ ಮಾಡ್ತೀವಿ" ಅನ್ನೋ ಒಂದು ಸಾಲು ಅಲ್ಲಿ ಸಾಲದೇ ಹೋದದ್ದು, ಫಡಕೆಯವರ ಎರಡು ಬೇಸಿಗೆಯ ಪ್ರಯೋಗ ಬೇಕಾದದ್ದು. ಅರಿಶಿಣದ್ದೂ ಹಂಗ ಆಯ್ತು. ಗಾಯಕ್ಕೆ ಅರಿಶಿಣ ಅಂತ ಅಮೆರಿಕ 1995ರಲ್ಲಿ ಪೇಟೆಂಟ್ ಕೊಟ್ಟಿತು, ನಮ್ಮ ಸಿ.ಎಸ್.ಐ.ಆರ್. 1997ರಲ್ಲಿ ಅದನ್ನು ಬಿಡಿಸಿತು. ಮುಂದಿಟ್ಟ ದಾಖಲೆಗಳಲ್ಲಿ 1953ರಲ್ಲಿ ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಒಂದು ಲೇಖನವೂ ಇತ್ತು. ಯಾರೋ ಒಬ್ಬರು ಅವತ್ತು ಕೂತು ಬರೆದಿಟ್ಟಿದ್ದರು. ಔಷಧವಾಗಿ ಏನೂ ಆಗದ ಸಣ್ಣ ಪೇಪರು ಕೂಡ ನಲವತ್ತು ವರ್ಷ ಆದಮೇಲೆ ಸಾಕ್ಷಿಯಾಗಿ ಎದ್ದು ನಿಲ್ತದ. ಅದಕ್ಕೇ ಎಂ.ಎಸ್ಸಿ. ಪ್ರಾಜೆಕ್ಟಿನ ವರ್ತುಲಗಳನ್ನು ನಾನು ನಗಾಡೋದಿಲ್ಲ. ಗಿಡದ ಒಣ ಮಾದರಿ ಹರ್ಬೇರಿಯಮ್ಮಿನಲ್ಲಿ ಇಟ್ಟು, ಯಾವ ಊರು, ಯಾವ ದಿನ ಅಂತ ಸರಿಯಾಗಿ ಬರೆದಿದ್ದರೆ ಸಾಕು.

ಈ ಪಾಠ ಸರ್ಕಾರವೂ ಕಲೀತು. 2001ರಲ್ಲಿ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ ಶುರುವಾಯ್ತು, ಪೇಟೆಂಟ್ ಕಚೇರಿಗಳು ಅದನ್ನು ನೋಡ್ತಾವೆ. ಆದರೆ ಅದರಲ್ಲಿ ಇರೋದು ಆಯುರ್ವೇದ, ಯುನಾನಿ, ಸಿದ್ಧದ ಗ್ರಂಥಗಳಲ್ಲಿ ಬರೆದದ್ದು. ಕಲಘಟಗಿಯ ನಾಟಿ ವೈದ್ಯರ ಬಾಯಲ್ಲಿ ಮಾತ್ರ ಇರುವುದಕ್ಕೆ ಅಲ್ಲಿ ಜಾಗ ಇಲ್ಲ. ಅದಕ್ಕೆ ಇರೋದು 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಪಂಚಾಯಿತಿಯ ಸಮಿತಿ ಜನರನ್ನು ಕೇಳಿ ಬರೆಯಬೇಕಾದ ಜನತಾ ಜೀವವೈವಿಧ್ಯ ದಾಖಲಾತಿ. ಇಲ್ಲಿ ಒಂದು ಗಂಟು ಇದೆ. ಬಹಳ ನಾಟಿ ವೈದ್ಯರು ಗಿಡದ ಹೆಸರು ಹೇಳಿದರೆ ಔಷಧದ ಗುಣ ಹೋಗ್ತದ ಅಂತಾರ. ಮೂಢನಂಬಿಕೆ ಅಂತ ನಗೋಕೆ ಮುಂಚೆ ಲೆಕ್ಕ ಹಾಕ್ರಿ: ಬರೆದರೆ ಯಾರಾದರೂ ಓದಿ ವ್ಯಾಪಾರ ಮಾಡಬಹುದು, ಬರೆಯದಿದ್ದರೆ ಯಾರಾದರೂ ತಮ್ಮದೇ ಅಂತ ಹಕ್ಕು ಹಾಕಬಹುದು. 2023ರ ತಿದ್ದುಪಡಿಯಲ್ಲಿ, ಗ್ರಂಥಸ್ಥ ಜ್ಞಾನವನ್ನು ಬಳಸುವವರಿಗೆ ಲಾಭ ಹಂಚಿಕೆಯ ಹೊಣೆಯಿಂದ ವಿನಾಯಿತಿ ಸಿಕ್ಕಿದೆ. ಹಂಗಾದ್ರ ಗ್ರಂಥದಲ್ಲಿ ಇಲ್ಲದ, ಊರಿನವರ ಬಾಯಲ್ಲಿ ಮಾತ್ರ ಇರುವ ಜ್ಞಾನ ಯಾರದು ಅನ್ನೋದಕ್ಕೆ ಆ ಪಂಚಾಯಿತಿ ದಾಖಲಾತಿಯೇ ಮುಖ್ಯ ಕಾಗದ.

ನಿಮಗೊಂದು ಕೆಲಸ ಕೊಡ್ತೀನಿ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆಯವರು ಈ ವಾರ ಪಂಚಾಯಿತಿಗೆ ಹೋದಾಗ ಆ ದಾಖಲಾತಿ ತೋರಿಸ್ರಿ ಅಂತ ಕೇಳ್ರಿ. ಸಿಕ್ಕರೆ ನಿಮ್ಮ ಬದುವಿನ ಒಂದು ಗಿಡವನ್ನು ಅದರಲ್ಲಿ ಹುಡುಕ್ರಿ, ನಿಮ್ಮ ಮನೆಯಲ್ಲಿ ಕರೆಯೋ ಹೆಸರಿನಲ್ಲೇ ಬರೆದಾರೋ ಇಲ್ಲೋ ನೋಡ್ರಿ. ಸಿಗಲಿಲ್ಲ ಅಂದ್ರ, ಆ ಗಿಡದ ಹೆಸರು, ಯಾತಕ್ಕೆ ಬಳಸ್ತೀರಿ, ಯಾವ ಊರು ಅಂತ ಒಂದು ನಿಮಿಷದ ವಾಯ್ಸ್ ನೋಟ್ ಕಳಿಸ್ರಿ. ದಿನಾಂಕ ಹೇಳೋದು ಮಾತ್ರ ಮರೀಬ್ಯಾಡ್ರಿ.